ಬೂದಿಯ ತುರಿಕೆ

ಬೂದಿಯ ಬಾಲದ ಬುಡದಲ್ಲಿ ಮತ್ತೆ ಕೂದಲು ಉದುರಿ, ಅಂಗೈಯಷ್ಟು ಚರ್ಮ ಕೆಂಪಗೆ ಕಾಣುತ್ತಿತ್ತು. ಎರಡು ವರ್ಷದಿಂದ ಇದೇ ಕತೆ. ಬೇವಿನೆಣ್ಣೆ ಹಚ್ಚಿದ್ದಾಯಿತು, ಮೀನು ನಿಲ್ಲಿಸಿದ್ದಾಯಿತು. ಇಂಜೆಕ್ಷನ್ ಕೊಡಿಸಿದರೆ ಹತ್ತು ದಿನ ಆರಾಮ, ಆಮೇಲೆ ಬೆಕ್ಕು ಮತ್ತೆ ಮೈ ಕೆರೆದು ರಕ್ತ ಮಾಡಿಕೊಳ್ಳುತ್ತಿತ್ತು.

ಸಾಕಿದವಳು ದಾನೇಶ್ವರಿ, ಹೊಳೆದಂಡೆಯ ಗೂಗಲ್ ಗ್ರಾಮದ ಹತ್ತಿರದ ಊರೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ರಾಯಚೂರಿನ ಬಾಡಿಗೆ ಮನೆಯಲ್ಲಿ ತಾಯಿ ಅಮರಮ್ಮನ ಜೊತೆ ಇದ್ದು, ದಿನವೂ ದೇವದುರ್ಗದ ಬಸ್ಸು ಹಿಡಿಯುತ್ತಿದ್ದಳು. ಬೀದಿನಾಯಿಗಳ ಬಾಯಿಂದ ತಪ್ಪಿಸಿ ತಂದ ಮರಿ ಎಂದು ಬೂದಿಯನ್ನು ಒಂದು ದಿನವೂ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

"ಅದರ ಸಂಕಟ ನನಗ ನೋಡಾಕ ಆಗವಲ್ದು," ಎಂದಳು ಅಮರಮ್ಮ. "ಕಿರಣನ ಮಿಲ್ಲಿಗೆ ಬಿಡು. ಬಯಲಿನ ಗಾಳಿಗೆ ಆರಾಮಾದ್ರೂ ಆಗಬಹುದು."

ದಾನೇಶ್ವರಿಯ ತಮ್ಮ ಕಿರಣಕುಮಾರ ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಮೇಲ್ವಿಚಾರಕ. ರವಿವಾರ ಬಂದು ಒಯ್ಯುತ್ತೇನೆಂದು ಒಪ್ಪಿದ್ದ. ದಾನೇಶ್ವರಿ ಹ್ಞೂಂ ಎಂದಿದ್ದಳು. ಆದರೆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳೇ ಬೂದಿಯನ್ನು ಮುಚ್ಚಳದ ಬುಟ್ಟಿಗೆ ಹಾಕಿಕೊಂಡು ಪಶುವೈದ್ಯ ಮೆಹಬೂಬ್ ಪಾಷಾ ಅವರ ಬಳಿ ಹೋದಳು. ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ಬೆಕ್ಕನ್ನು ಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

ಡಾಕ್ಟರು ಔಷಧ ಬರೆಯುವ ಅವಸರದಲ್ಲಿರಲಿಲ್ಲ. ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವ ತಿಂಗಳು ಹೆಚ್ಚು ಎಂದು ಕೇಳುತ್ತಲೇ ಹೋದರು. ದಾನೇಶ್ವರಿ ಮೊಬೈಲಿನ ಫೋಟೊ ತೆಗೆದು ತೋರಿಸಿದಳು. ಜುಲೈಯಲ್ಲಿ ಗಾಯ, ಡಿಸೆಂಬರಿನಲ್ಲಿ ಗಾಯ. ಎರಡೂ ವರ್ಷದ ಮೇ ತಿಂಗಳಲ್ಲಿ ಮಾತ್ರ ಮೈತುಂಬ ಕೂದಲು.

"ಬ್ಯಾಸಿಗ್ಯಾಗ ಬ್ಯಾರೆ ಏನು ಮಾಡ್ತೀರಿ?"

"ಏನಿಲ್ರೀ. ಅದ ಅನ್ನ, ಅದ ಕೋಳಿ. ಸಾಲಿ ಇರೂದಿಲ್ಲ, ನಾನೂ ಮನ್ಯಾಗ ಇರತೀನಿ."

ಡಾಕ್ಟರು ಹೇನು ತೆಗೆಯುವಂಥ ಹಣಿಗೆಯಿಂದ ಬೂದಿಯ ಬೆನ್ನು ಬಾಚಿದರು. ಉದುರಿದ ಕರಿ ಕಾಳುಗಳನ್ನು ಒದ್ದೆ ಹತ್ತಿಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಹತ್ತಿ ಕೆಂಪಾಯಿತು.

"ಇದು ಮಣ್ಣಲ್ಲ. ಚಿಗಟ ರಕ್ತ ಕುಡದು ಹಾಕಿದ ಹಿಕ್ಕಿ."

"ಒಂದ ಚಿಗಟನೂ ನಾನು ನೋಡಿಲ್ರೀ."

"ಬೆಕ್ಕು ನೆಕ್ಕಿ ನುಂಗಿಬಿಡತದ. ಇದಕ್ಕ ಚಿಗಟದ ಜೊಲ್ಲು ಆಗಿಬರೂದಿಲ್ಲ. ಒಂದೆರಡು ಕಡದ್ರೂ ಸಾಕು, ಹದಿನೈದು ದಿನ ಕೆರಕೊಂತದ."

"ಅದು ಹೊರಗ ಹೋಗೂದ ಇಲ್ಲಲ್ರೀ ಸರ್."

"ನೀವು ಹೋಗ್ತೀರಲ್ಲ?"

ದಾನೇಶ್ವರಿಗೆ ಶಾಲೆಯ ಕಂದು ನಾಯಿ ನೆನಪಾಯಿತು. ಎರಡು ವರ್ಷದಿಂದ ಪಾಠದ ಹೊತ್ತಿಗೆ ಅದು ಅವಳ ಕುರ್ಚಿಯ ಕೆಳಗೇ ಮಲಗುತ್ತಿತ್ತು. ಸೀರೆಯ ಅಂಚು ಅದರ ಮೈಮೇಲೆ ಬಿದ್ದಿರುತ್ತಿತ್ತು. ಸಂಜೆ ಅದೇ ಸೀರೆಯಲ್ಲಿ ಬಂದು, ಕೈಕಾಲು ತೊಳೆಯುವ ಮೊದಲೇ ಬೂದಿಯನ್ನು ತೊಡೆಯ ಮೇಲೆ ಎತ್ತಿಕೊಳ್ಳುತ್ತಿದ್ದಳು.

"ಸಾಲ್ಯಾಗ ಒಂದು ನಾಯಿ ನನ್ನ ಕುರ್ಚಿ ಕೆಳಗ ಮಲಗತದ್ರೀ. ಹಂಗಾದ್ರ ನಾನ ತಂದೆನ್ರೀ?" ಅವಳ ದನಿ ಕುಗ್ಗಿತು.

"ಬೇಕಂತ ತಂದಿಲ್ಲಲ್ಲ. ಹಾದಿ ಗೊತ್ತಾತು, ಇನ್ನ ಮುಚ್ಚೂಣು," ಎಂದರು ಡಾಕ್ಟರು.

ತಿಂಗಳಿಗೊಮ್ಮೆ ಬೆಕ್ಕಿನ ಕುತ್ತಿಗೆಯ ಹಿಂದೆ ಬಿಡುವ ಹನಿ ಔಷಧ ಕೊಟ್ಟರು. ನಾಯಿಗೆ ಬೇರೆ ಗುಳಿಗೆ ಕೊಟ್ಟು, ನಾಯಿಯ ಔಷಧವನ್ನು ಬೆಕ್ಕಿಗೆ ಹಾಕಲೇಬಾರದೆಂದು ಎರಡೆರಡು ಸಲ ಹೇಳಿದರು.

ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದಳು. "ನಾಳೆ ಬರಬ್ಯಾಡ. ಎರಡು ತಿಂಗಳು ತಡಿ."

"ನಾಲ್ಕು ತಗೋ ಅಕ್ಕಾ. ಮಿಲ್ಲಿನ ಇಲಿ ಎಲ್ಲೂ ಹೋಗೂದಿಲ್ಲ," ಎಂದು ಅವನು ನಕ್ಕ.

ಸೋಮವಾರ ಮುಖ್ಯ ಶಿಕ್ಷಕ ಶರಣಯ್ಯನವರಿಗೆ ನಾಯಿಯ ವಿಷಯ ಹೇಳಿದಳು. "ಹೊಳಿ ಆಚಿ ಬಿಟ್ಟು ಬರೂಣು ಬಿಡ್ರಿ ಟೀಚರ್," ಎಂದರು ಅವರು.

"ಬ್ಯಾಡ್ರೀ ಸರ್. ಇದು ಹೋದ್ರ ಇನ್ನೊಂದು ಬರತದ. ಅದಕ್ಕೂ ಮೈ ಕಡಿತದಲ್ರೀ, ಪಾಪ."

ರೊಟ್ಟಿಯಲ್ಲಿ ಸುತ್ತಿ ಕೊಟ್ಟ ಗುಳಿಗೆಯನ್ನು ನಾಯಿ ಒಂದೇ ತುತ್ತಿಗೆ ನುಂಗಿತು. ಶರಣಯ್ಯ ತಮ್ಮ ಕಾಲು ನೋಡಿಕೊಂಡು ಮೆಲ್ಲಗೆ, "ನನ್ನ ಕಾಲೂ ಕೆರೀತಿದ್ವು. ಸೊಳ್ಳಿ ಅಂದಕೊಂಡಿದ್ದೆ," ಎಂದರು. ಅವತ್ತೇ ತರಗತಿಯ ಮೂಲೆಮೂಲೆ ಗುಡಿಸಿ ತೊಳೆಸಿದರು.

ಮನೆಯಲ್ಲಿ ಅಮರಮ್ಮ ಕೌದಿಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಿದಳು. ಮಗಳು ಬಾಗಿಲಲ್ಲಿ ಕಾಣಿಸಿದರೆ ಸಾಕು, "ಮೊದಲ ಸೀರಿ ಬಿಚ್ಚಿ ನೀರಿಗೆ ಹಾಕು," ಎನ್ನುತ್ತಿದ್ದಳು.

ಮೂರನೆಯ ವಾರ ದಾನೇಶ್ವರಿ ಬೂದಿಯ ಬೆನ್ನಿನಲ್ಲಿ ಹೊಸ ಗಾಯ ಕಂಡಳು. ಡಾಕ್ಟರಿಗೆ ಫೋನ್ ಮಾಡಿದಳು. ಮನೆಯ ಸಂದಿಗಳಲ್ಲಿ ಉಳಿದ ಮೊಟ್ಟೆಗಳು ಈಗ ಮರಿಯಾಗಿ ಹೊರಬರುತ್ತಿವೆ, ಅವೂ ಸಾಯುತ್ತವೆ, ಔಷಧ ಬಿಡಬೇಡಿ ಎಂದರು. ಅವಳು ಬಿಡಲಿಲ್ಲ. ಎರಡನೆಯ ತಿಂಗಳ ಹನಿ ಹಾಕಿದ ಮೇಲೆ ಕೆಂಪು ತಿಳಿಯಾಯಿತು. ಬಾಲದ ಬುಡದಲ್ಲಿ ನವಿರಾದ ಕೂದಲು ಮೂಡಿತು.

ಒಂದು ರವಿವಾರ ಮಧ್ಯಾಹ್ನ ಅಮರಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಬೂದಿ ಬಂದು ಅವಳ ತೊಡೆಯ ಮೇಲೆ ಮಲಗಿತು. ಗಂಟೆ ಕಳೆದರೂ ಒಮ್ಮೆಯೂ ಎದ್ದು ಕೆರೆದುಕೊಳ್ಳಲಿಲ್ಲ. ಒಳಗಿನಿಂದ ದಾನೇಶ್ವರಿ ಊಟಕ್ಕೆ ಕರೆದಳು.

"ನೀ ಉಣ್ಣು," ಎಂದಳು ಅಮರಮ್ಮ ದನಿ ತಗ್ಗಿಸಿ. "ಇದು ಮಲಗ್ಯದ."

ದಾನೇಶ್ವರಿ ಎರಡು ತಾಟು ಹಿಡಿದುಕೊಂಡು ಬಂದು ಅವರ ಪಕ್ಕದಲ್ಲೇ ಕೂತಳು.