ಬುಗುರಿಯ ಬೆನ್ನು

ನಮ್ಮ ಚಿತ್ರದ ನಾಯಕಿಗೆ ಕುಣಿಯಲು ಬರುವುದಿಲ್ಲ. ಹಾಡುಗಳಲ್ಲಿ ಮುಖ ಅವಳದು, ಕುಣಿಯುವ ಬೆನ್ನು ಬಾಡಿಗೆಯದು. ಆ ಬೆನ್ನು ಬುಗುರಿಯದು. ಗಿರಗಿರ ಸುತ್ತುತ್ತಿದ್ದಳೆಂದು ನಾವು ಡ್ಯಾನ್ಸರ್‌ಗಳು ಇಟ್ಟ ಹೆಸರು. ನನಗೆ ಹೆಜ್ಜೆ ತಿದ್ದಿದವಳು, ಅಕ್ಕ ಎಂದೇ ಕರೆಯುತ್ತಿದ್ದೆ. ಕೊನೆಯ ಹಾಡು ಅರ್ಧ ಮುಗಿದಿರುವಾಗ ಜೀವ ಕಳೆದುಕೊಂಡಳು. ಪ್ರೇಮ ವೈಫಲ್ಯವಂತೆ! ಯಾವ ಪ್ರೇಮ, ಮಣ್ಣಂಗಟ್ಟಿ.

ಉಳಿದರ್ಧಕ್ಕೆ ನನ್ನನ್ನು ಕರೆದರು. "ಇದನ್ನ ಚೆನ್ನಾಗಿ ಮಾಡು, ಮುಂದಿನ ಚಿತ್ರದಲ್ಲಿ ನಿನ್ನ ಮುಖ ತೋರಿಸ್ತೀನಿ" ಎಂದ ನಿರ್ದೇಶಕ. ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ಕುಣಿದವಳು ನಾನು. ಆಸೆಗೆ ಬಿದ್ದೆ, ಬೀಳದೆ ಇನ್ನೇನು?

ಮೇಕಪ್ ಚಿಕ್ಕಮ್ಮ ನನ್ನ ಬೆನ್ನ ಮೇಲೆ ತಣ್ಣನೆಯ ಬ್ರಷ್‌ನಿಂದ ಚುಕ್ಕಿಯಿಟ್ಟಳು.

"ಅಯ್ಯೋ, ಕಚಗುಳಿ! ಏನದು?"

"ಅಲುಗಾಡ್ಬೇಡ್ವೇ. ಬುಗುರಿ ಮಚ್ಚೆ. ಹಳೇ ಶಾಟ್‌ಗೆ ಹೊಂದಬೇಕಲ್ಲ." ಮೂರು ಇಟ್ಟಳು.

"ಅಕ್ಕನಿಗೆಲ್ಲಿತ್ತು ಮಚ್ಚೆ? ಈ ಚಿತ್ರಕ್ಕೆ ಮುಂಚೆ ಅವಳ ಬ್ಲೌಸ್ ಹುಕ್ಕು ನಾನೇ ಹಾಕ್ತಿದ್ದೆ. ಬೆನ್ನು ನುಣ್ಣಗಿತ್ತು."

ಚಿಕ್ಕಮ್ಮ ಬಾಗಿಲ ಕಡೆ ನೋಡಿದಳು. "ಮೊದಲನೇ ಹಾಡಿಗೆ ಇರ್ಲಿಲ್ಲ. ಎರಡನೇದಕ್ಕೆ ಒಂದು ಬಂತು. ಇದಕ್ಕೆ ಮೂರು. ಮುಚ್ಚೋಕೆ ಹೋದ್ರೆ ಡೈರೆಕ್ಟ್ರು ಬೇಡ ಅಂದ್ರು, ಕ್ಯಾಮೆರಾಗೆ ಚೆನ್ನಾಗಿದ್ಯಂತೆ." ಆಮೇಲೆ ಕಿವಿಯ ಹತ್ತಿರ ಬಂದು, "ಸಿಗರೇಟಲ್ಲಿ ಸುಟ್ಟಿದ್ದು ಕಣೇ" ಎಂದಳು.



ಸೆಟ್‌ನಲ್ಲಿ ಹಳೆಯ ಶಾಟ್ ಹಾಕಿ ತೋರಿಸಿದರು. ಸತ್ತವಳು ಪರದೆಯಲ್ಲಿ ಸುತ್ತುತ್ತಿದ್ದಳು. ನಾನೂ ಸುತ್ತಿದೆ. "ಬೆನ್ನು ನೆಟ್ಟಗೆ, ಕೋತಿ!" ಅವಳು ಬೈಯುತ್ತಿದ್ದ ಮಾತು ಕಿವಿಯಲ್ಲೇ ಕೇಳಿತು. ತಿರುಗಿ ನೋಡಿದೆ, ಯಾರೂ ಇರಲಿಲ್ಲ.

ನಿರ್ದೇಶಕ ಬಂದು ನನ್ನ ಬೆನ್ನಿಗೆ ಬೆರಳಿಟ್ಟ. "ಬೆವರಿಗೆ ಬಣ್ಣ ಕರಗ್ತಿದೆ. ಕ್ಲೋಸಪ್‌ಗೆ ಸುಳ್ಳು ಅನ್ಸುತ್ತೆ. ಊಟದ ಹೊತ್ತಲ್ಲಿ ಮೇಲಿನ ರೂಮಿಗೆ ಬಾ." ಜೇಬಿನಲ್ಲಿದ್ದ ಸಿಗರೇಟು ಪ್ಯಾಕ್ ತಟ್ಟಿಕೊಂಡ. "ಮುಖ ಬೇಕು ತಾನೆ?"

ಬೇಕಿತ್ತು. ದೇವರಾಣೆ ಬೇಕಿತ್ತು. ಮೆಟ್ಟಿಲ ತನಕ ಹೋದೆ ಕೂಡ. ಮೇಲೆ ಬಾಗಿಲು ತೆರೆದಿತ್ತು. ಹತ್ತಲಿಲ್ಲ. ಬಣ್ಣದ ಬೆನ್ನಲ್ಲೇ ಗೇಟು ದಾಟಿ ಓಡಿದೆ.

ಮರುದಿನ ನನ್ನ ಜಾಗಕ್ಕೆ ನಮ್ಮ ಸಾಲಿನ ಕಿರಿಯವಳನ್ನು ಕರೆದರೆಂದು ಗೊತ್ತಾಯಿತು. ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. "ಮೇಲಿನ ರೂಮಿಗೆ ಮಾತ್ರ ಹೋಗ್ಬೇಡ್ವೇ, ನಿನ್ ಕಾಲಿಗೆ ಬೀಳ್ತೀನಿ."

"ನಿಂಗೆ ಹೊಟ್ಟೆಯುರಿ, ಅಕ್ಕಾ" ಎಂದು ನಕ್ಕು ಫೋನಿಟ್ಟಳು.

ಚಿತ್ರ ಬಿಡುಗಡೆಯಾಯಿತು. ಕತ್ತಲಲ್ಲಿ ಹಿಂದಿನ ಸಾಲಿನಲ್ಲೇ ಕೂತು ನೋಡಿದೆ. ಹಾಡಿನ ಮೊದಲರ್ಧ ಅಕ್ಕ. ಆಮೇಲೆ ಆ ಹುಡುಗಿ. ಬೇರೆಯವರಿಗೆ ವ್ಯತ್ಯಾಸ ತಿಳಿಯದು, ನನಗೆ ತಿಳಿಯಿತು. ಕ್ಯಾಮೆರಾ ಅವಳ ಬೆನ್ನಿಗೆ ಹತ್ತಿರ ಹತ್ತಿರ ಹೋಯಿತು. ಜನ ಶಿಳ್ಳೆ ಹೊಡೆದರು. ಬಣ್ಣವಾಗಿರಲಪ್ಪಾ ದೇವರೇ ಎಂದು ಸೀಟಿನ ಅಂಚು ಹಿಡಿದುಕೊಂಡೆ.

ಆ ಬೆನ್ನ ಮೇಲೆ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಮೂರು ಚುಕ್ಕಿಯಲ್ಲಿ ಒಂದೂ ಕರಗಲಿಲ್ಲ.