ಮೆಟ್ಟಿಲ ಕೆಳಗಿನ ಏಕಾಂತ

"ಏ ಕ್ಲೀನಿಂಗ್, ಎಲ್ಲಿ ಸತ್ತೆ? ನೆಲದ ತುಂಬಾ ಹೆಜ್ಜೆ ಗುರುತು. ಕಣ್ಣೇನು ಬಾಡಿಗೆಗೆ ಕೊಟ್ಟಿದೀಯಾ?"

ಚಿತ್ರಶಾಲೆಯ ಮ್ಯಾನೇಜರು ಹಾಗೆ ಕೂಗಿದಾಗ ದೊಡ್ಡಸೊಸೆ ಹೆಂಗಸರ ಕಕ್ಕಸಿನಲ್ಲಿ ಮಂಡಿಯೂರಿ ಕೂತು, ಯಾವಳೋ ಮಹಾತಾಯಿ ಕಟ್ಟಿಕೊಳ್ಳುವ ಹಾಗೆ ಮಾಡಿ ಹೋಗಿದ್ದ ತೂತಿಗೆ ಮೊಣಕೈವರೆಗೆ ಕೈ ಇಳಿಸಿದ್ದಳು. ಬಟ್ಟೆಯ ಉಂಡೆಯೊಂದು ಬೆರಳಿಗೆ ಸಿಕ್ಕಿತ್ತು. ಅದನ್ನು ಹಿಡಿದು ಎಳೆಯುವುದರೊಳಗೆ ಅವನು ಬಾಗಿಲಿಗೇ ಬಂದು ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತ.

"ಬಂದೆ ಸಾರ್, ಇದೊಂದು ತೆಗೆದು ಬಿಡ್ತೀನಿ."

"ಥೂ ಹೊಲಸು ಮುಂಡೆ, ಅದನ್ನ ನನಗ್ಯಾಕೆ ತೋರಿಸ್ತೀಯ? ಕೈ ತೊಳ್ಕೊಂಡು ಬಾ. ಸೋಪು ಹಾಕಿ ತೊಳಿ. ಇಲ್ಲಿ ದೊಡ್ಡೋರು ಓಡಾಡ್ತಾರೆ."

ಅವಳು ತೊಳೆದುಕೊಂಡು ಬಂದಳು. ಅವಳು ಒರೆಸುತ್ತ ಮುಂದೆ ಹೋದ ಹಾಗೆ ಮ್ಯಾನೇಜರು ಬೂಟುಗಾಲಲ್ಲಿ ಹಿಂದೆಯೇ ನಡೆದು ಬಂದ, ಸರಿಯಾಗಿ ಒರೆಸುತ್ತಾಳೋ ಇಲ್ಲವೋ ನೋಡುವುದಕ್ಕೆ. ಹಾಗಾಗಿ ಅವಳು ಆ ಹಜಾರವನ್ನು ಎರಡು ಸಲ ಒರೆಸಿದಳು. ದಿನವೂ ಹೀಗೇ. ಬೈಗುಳ ಅವಳ ಮೈಗೆ ಹತ್ತುತ್ತಿರಲಿಲ್ಲ ಅಂತಲ್ಲ, ಹತ್ತಿ ಹತ್ತಿ ಮೈಯೇ ದಡ್ಡುಗಟ್ಟಿತ್ತು. ಅವಳು ತೊಳೆಯುವ ಕಕ್ಕಸುಗಳು ಬಂದವರಿಗೆ ಮಾತ್ರ. ಅವಳಿಗೆ ಅವಸರವಾದರೆ ರಸ್ತೆ ದಾಟಿ ಬಸ್ ನಿಲ್ದಾಣಕ್ಕೆ ಹೋಗಬೇಕಿತ್ತು.

ಆ ಕಟ್ಟಡದಲ್ಲಿ ಅವಳು ಎಲ್ಲರಿಗೂ ಕ್ಲೀನಿಂಗ್. ತನ್ನ ಓಣಿಯಲ್ಲಿ ಮಾತ್ರ ದೊಡ್ಡಸೊಸೆ. ಗಂಡ ಗಾರೆ ಕೆಲಸದಲ್ಲಿ ಸಾರುವೆ ಮುರಿದು ಬಿದ್ದು ಸತ್ತು ವರ್ಷಗಳಾಗಿದ್ದರೂ ಅತ್ತೆ ಅವಳನ್ನೂ ಅವಳ ಮಗಳನ್ನೂ ಹೊರಗೆ ಹಾಕಿರಲಿಲ್ಲ. ಒಂದೇ ಕೋಣೆ. ಅದರಲ್ಲಿ ಅತ್ತೆ, ಮೈದುನ, ಓರಗಿತ್ತಿ, ಅವರ ಎರಡು ಮಕ್ಕಳು, ಇವಳು, ಇವಳ ಮಗಳು. ಒಬ್ಬರು ಮಗ್ಗುಲು ಬದಲಿಸಿದರೆ ಸಾಲಿನಲ್ಲಿರುವ ಎಲ್ಲರೂ ಬದಲಿಸಬೇಕು. ಅಲ್ಲಿ ಕೆಮ್ಮಿದರೂ ಅದು ಎಲ್ಲರ ಕೆಮ್ಮು. ಅತ್ತೆಯ ಬಾಯಿ ಬೊಂಬಾಯಿ. ಆದರೆ ಅನ್ನದ ತಟ್ಟೆಯನ್ನು ಒಂದು ದಿನವೂ ಕಿತ್ತುಕೊಂಡವಳಲ್ಲ. ಇವಳು ಕೆಲಸಕ್ಕೆ ಹೋದಾಗ ಮಗಳ ತಲೆ ಬಾಚುತ್ತಿದ್ದವಳೂ ಅವಳೇ. ದೊಡ್ಡಸೊಸೆಗೆ ಈ ಲೋಕದಲ್ಲಿ ಇದ್ದ ಆಸ್ತಿಯೆಂದರೆ ಆ ಸಾಲಿನಲ್ಲಿ, ಮಗಳ ಪಕ್ಕ, ಒಂದು ಮೈಯಗಲದ ಜಾಗ.

ಇನ್ನೊಂದು ಜಾಗವೂ ಇತ್ತು ಅನ್ನಿ. ಚಿತ್ರಶಾಲೆಯ ಮೆಟ್ಟಿಲ ಕೆಳಗೆ ಪೊರಕೆ, ಫಿನಾಯಿಲು ಇಡುವ ಗೂಡು. ಮಧ್ಯಾಹ್ನ ಊಟದ ಡಬ್ಬಿ ಖಾಲಿ ಮಾಡಿ ಅವಳು ಅಲ್ಲಿ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಏನೂ ಯೋಚಿಸುತ್ತಿರಲಿಲ್ಲ. ಯಾರ ಮೊಣಕೈಯೂ ತಾಗದೆ ಸುಮ್ಮನೆ ಕೂರುವುದೇ ಅವಳಿಗೆ ದೊಡ್ಡ ಸುಖವಾಗಿತ್ತು.

ಆ ಸುಖಕ್ಕೆ ಕನ್ನ ಹಾಕಿದವನು ಕಲಾವಿದ. ನೆರೆತ ಗಡ್ಡದ, ಮೆತ್ತಗೆ ಮಾತಾಡುವ ಮನುಷ್ಯ. ಮೇಲಿನ ಮಹಡಿಯಲ್ಲಿ ಅವನಿಗೆಂದೇ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಒಂದು ಮಧ್ಯಾಹ್ನ ಇಳಿದು ಬರುತ್ತ ಅವಳನ್ನು ನೋಡಿದ. ನೋಡಿ ಅಲ್ಲೇ ನಿಂತುಬಿಟ್ಟ. ಅವಳು ಗಾಬರಿಯಾಗಿ ಎದ್ದಳು.

"ಏಳಬೇಡ. ಹಾಗೇ ಇರು. ಹಾಗೇ ಗೋಡೆಗೆ ಒರಗು," ಅಂದ.

"ಮ್ಯಾನೇಜರು ಬಯ್ತಾರೆ ಸಾರ್."

"ಮ್ಯಾನೇಜರಿಗೆ ನಾನು ಹೇಳ್ತೀನಿ. ಇನ್ನು ಮೇಲೆ ಇದೂ ನಿನ್ನ ಕೆಲಸ ಅಂದ್ಕೋ."

ಅಲ್ಲಿಗೆ ಅವಳ ಬಿಡುವೂ ಕೆಲಸವಾಯಿತು. ಅವನು ಮೂರುಕಾಲಿನ ಹಲಗೆ ತಂದು ಎದುರಿಗೆ ಇಟ್ಟುಕೊಂಡು ಹಲವು ಮಧ್ಯಾಹ್ನ ಬರೆದ. ಕತ್ತು ತಿರುಗಿಸುವ ಹಾಗಿಲ್ಲ, ಕೆರೆದುಕೊಳ್ಳುವ ಹಾಗಿಲ್ಲ. ಒಮ್ಮೆ ಅವಳು ಮಗಳ ಮಾತೊಂದು ನೆನಪಾಗಿ ನಕ್ಕಳು. "ನಗಬೇಡ, ಹಾಳಾಗುತ್ತೆ," ಅಂದ. ಕೆಟ್ಟವನಲ್ಲ. ಮೈ ಮುಟ್ಟಲಿಲ್ಲ, ಕೆಟ್ಟ ಕಣ್ಣಲ್ಲಿ ನೋಡಲಿಲ್ಲ. ನಿಜ ಹೇಳಬೇಕೆಂದರೆ ಅವಳನ್ನೇ ನೋಡಲಿಲ್ಲ. ಆದರೂ ಚಿತ್ರದಲ್ಲಿ ತನ್ನ ಕೈಗಳು, ಬಿರಿದ ಬೆರಳುಗಳು, ಒಡೆದ ಉಗುರುಗಳು ಮೂಡಿದ್ದನ್ನು ಕಂಡ ದಿನ ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಕೈಯನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ.

"ಇದಕ್ಕೆ ಏನ್ ಹೆಸರಿಡ್ತೀರ ಸಾರ್?"

"ಏಕಾಂತ," ಅಂದ ಕಲಾವಿದ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ಯಾಕೆಂದರೆ ಅವಳ ಓಣಿಯಲ್ಲಿ ಆ ಮಾತಿಗೆ ಒಂದೇ ಅರ್ಥ. ಎಲ್ಲ ಮನೆಯೂ ಒಂದೇ ಕೋಣೆಯದು. ಗಂಡಹೆಂಡಿರಿಗೆ ಬೇಕು ಅನ್ನಿಸಿದ ದಿನ ಮನೆಯ ಹಿರಿಯರು ಮಕ್ಕಳನ್ನು ಕರೆದುಕೊಂಡು ಹೊರಗಿನ ಜಗಲಿಗೆ ಬಂದು ಕೂರುತ್ತಾರೆ. ಹಾದುಹೋಗುವವರು, "ಏನಜ್ಜಿ, ಒಳಗೆ ಏಕಾಂತವಾ?" ಅನ್ನುತ್ತಾರೆ. ಅಜ್ಜಿ, "ಹೂಂ ಕಣಪ್ಪ, ನನ್ನ ಸೊಂಟ ಮುರಿಯೋವರೆಗೂ ಏಕಾಂತ," ಅನ್ನುತ್ತಾಳೆ. ಒಬ್ಬರೇ ಇರುವುದಕ್ಕೆ ಅಲ್ಲಿ ಪದವೇ ಬೇಕಾಗಿರಲಿಲ್ಲ, ಯಾರೂ ಒಬ್ಬರೇ ಇದ್ದದ್ದಿಲ್ಲ.

"ಅಯ್ಯೋ ಬೇಡ ಸಾರ್, ಆ ಹೆಸರು ಬೇಡ. ನಮ್ಮ ಕಡೆ ಅದಕ್ಕೆ ಬೇರೆ ಅರ್ಥ."

"ಏನರ್ಥ?"

ಹೇಳುವುದು ಹೇಗೆ? ಪರಗಂಡಸು. ನೆಲ ನೋಡಿದಳು.

ಕಲಾವಿದ ಕನಿಕರದಿಂದ ನಕ್ಕ. "ನಿನಗೆ ಅದು ಗೊತ್ತಾಗಲ್ಲಮ್ಮ. ಅದು ಒಳಗಿನ ವಿಷಯ."

"ಒಳಗಿನ ವಿಷಯ ಅಂತಾನೇ ಸಾರ್ ನಾನೂ ಹೇಳ್ತಿರೋದು."

ಅವನು ಆಗಲೇ ಕುಂಚ ತೊಳೆಯುತ್ತಿದ್ದ.

ಚಿತ್ರಕ್ಕೆ ದೊಡ್ಡ ಬಹುಮಾನ ಬಂತು. ಪ್ರದರ್ಶನಕ್ಕೆ ಮೊದಲೇ ಪೇಪರಿನಲ್ಲಿ ಅದರ ಫೋಟೋ ಹಾಕಿದರು. ಪಕ್ಕದಲ್ಲಿ ಕಲಾವಿದನ ಫೋಟೋ. ಮೈದುನ ಗ್ಯಾರೇಜಿನಲ್ಲಿ ಗಾಡಿ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದಾಗ, ಜೊತೆಯವನೊಬ್ಬ ಪೇಪರು ಬಿಚ್ಚಿ ಎಲ್ಲರಿಗೂ ಕೇಳುವ ಹಾಗೆ ಓದಿದ: ಮೆಟ್ಟಿಲ ಕೆಳಗಿನ ಏಕಾಂತ. ಕಸ ಗುಡಿಸುವ ಈ ಮಹಿಳೆಯೊಂದಿಗೆ ಕಲಾವಿದರು ಹಲವು ಮಧ್ಯಾಹ್ನಗಳನ್ನು ಕಳೆದು...

"ಲೇ, ನಿಮ್ಮತ್ತಿಗೆ ಅಲ್ವೇನೋ ಇದು?" ಅಂದ. "ಹಲವು ಮಧ್ಯಾಹ್ನ ಅಂತಪ್ಪ. ಮುದುಕ ಗಟ್ಟಿಗ ಬಿಡು."

ಗ್ಯಾರೇಜು ಗೊಳ್ಳೆಂದಿತು. ಮೈದುನ ಸ್ಪ್ಯಾನರು ಬೀಸಿ ಒಬ್ಬನ ತುಟಿ ಒಡೆದು ಮನೆಗೆ ಬಂದ. ಬಂದವನು ಅತ್ತಿಗೆಯ ಜುಟ್ಟು ಹಿಡಿಯಲಿಲ್ಲ, ಬೈಯಲಿಲ್ಲ. ಪೇಪರನ್ನು ತಾಯಿಯ ಮುಂದೆ ಎಸೆದು ಗೋಡೆ ಕಡೆ ತಿರುಗಿ ಕೂತ. ಅದು ಹೊಡೆತಕ್ಕಿಂತ ಕೆಟ್ಟದಾಗಿತ್ತು.

ಅತ್ತೆಗೆ ಓದು ಬಾರದು. ಫೋಟೋ ನೋಡಿದಳು, ಗಡ್ಡದವನನ್ನು ನೋಡಿದಳು. ಹೆಸರೇನು ಅಂತ ಕೇಳಿದಳು. ಓರಗಿತ್ತಿ ಪಿಸುಗುಟ್ಟಿದಳು.

"ಏಕಾಂತವಂತೆ," ಅಂದಳು ಅತ್ತೆ. "ನನ್ನ ಮಗ ಮಣ್ಣಲ್ಲಿ ಮಲಗವ್ನೆ. ಇವಳಿಗೆ ಮೆಟ್ಟಿಲ ಕೆಳಗೆ ಏಕಾಂತ. ಅದನ್ನ ಪೇಪರಿಗೆ ಬೇರೆ ಹಾಕಿಸ್ಕೊಂಡವಳೆ ಹಾದರಗಿತ್ತಿ."

"ಅತ್ತೆ, ಹಾಗಲ್ಲ ಅತ್ತೆ. ಒಬ್ಬಳೇ ಕೂತಿದೀನಿ ಅಂತ ಅದರ ಅರ್ಥ. ಓದಿದೋರು ಹಾಗಂತಾರೆ."

"ಒಬ್ಬಳೇ ಕೂರೋದನ್ನ ಯಾವನಾದ್ರೂ ಬರೀತಾನೇನೇ? ಅದಕ್ಕೆ ಬಹುಮಾನ ಕೊಡ್ತಾರೇನೇ? ನನ್ನ ಕಿವಿಗೆ ಹೂ ಇಡಬೇಡ."

ದೊಡ್ಡಸೊಸೆಗೂ ಅದು ಅರ್ಥವಾಗದ ಸಂಗತಿಯೇ.

ಅಂದಿನಿಂದ ಮಲಗುವ ಸಾಲು ಬದಲಾಯಿತು. ಮಗಳನ್ನು ಅತ್ತೆ ತನ್ನ ಮಗ್ಗುಲಿಗೆ ಎಳೆದುಕೊಂಡಳು. ದೊಡ್ಡಸೊಸೆಗೆ ಬಾಗಿಲ ಹತ್ತಿರ ಚಾಪೆ. ಓಣಿಯ ನಲ್ಲಿಯಲ್ಲಿ ಹೆಂಗಸರು ಅವಳ ಕೊಡ ಬಂದರೆ ತಮ್ಮ ಕೊಡ ಎತ್ತಿಕೊಂಡು ಸುಮ್ಮನೆ ಸರಿದು ನಿಂತರು. ಮಗಳು, "ಅಮ್ಮ, ನೀನು ಏನ್ ಮಾಡಿದೆ?" ಅಂತ ಕೇಳಿದಳು. ಏನೂ ಇಲ್ಲ ಅಂದರೆ ಅದು ಕೇಳುವುದಕ್ಕೆ ಸುಳ್ಳಿನ ಹಾಗೇ ಇತ್ತು.

ಕೊನೆಗೆ ಅವಳೇ ಅತ್ತೆಯ ಕಾಲು ಹಿಡಿದಳು. "ಚಿತ್ರಾನ ನೀವೇ ಬಂದು ನೋಡಿ. ಅದರಲ್ಲಿ ನಾನೊಬ್ಬಳೇ ಇದೀನಿ, ಗಂಡಸು ಇಲ್ಲ. ಆ ಮುದುಕನ ಬಾಯಲ್ಲೇ ಹೇಳಿಸ್ತೀನಿ."

ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡಳು. "ಆಯ್ತು, ಬರ್ತೀನಿ. ಅವನು ನನ್ನೆದುರಿಗೆ ಹೇಳಲಿ. ಹೇಳದಿದ್ರೆ ಹಾಗೇ ಅಲ್ಲಿಂದಲೇ ಎಲ್ಲಿಗಾದ್ರೂ ಹೋಗಿಬಿಡು, ಮನೆಗೆ ಬರಬೇಡ. ಮಗು ನನ್ನ ಮಗಂದು, ನನ್ನ ಹತ್ರ ಇರುತ್ತೆ."

ಪ್ರದರ್ಶನದ ಸಂಜೆ ನಾಲ್ವರೂ ಹೋದರು: ಅತ್ತೆ, ಮೈದುನ, ಮಗಳು, ಇವಳು. ಅತ್ತೆ ಮಗಳಿಗೆ ಒಗೆದ ಬಟ್ಟೆ ಹಾಕಿ ತಲೆ ಬಾಚಿದ್ದಳು. ಬಾಗಿಲಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ.

"ಪಾಸು?"

"ನನ್ನ ಮನೆಯವರು ಅಣ್ಣ. ಗೊತ್ತಲ್ಲ ನಿಮಗೆ. ಚಿತ್ರದಲ್ಲಿರೋದು ನಾನೇ."

"ಚಿತ್ರದಲ್ಲಿರೋರಿಗೆಲ್ಲ ಬಾಗಿಲು ತೆಗೆದ್ರೆ ಪಾಸ್ ಇಟ್ಕೊಂಡೋರು ಎಲ್ಲಿ ನಿಲ್ತಾರೆ? ನೀನು ಹಿಂದಿನ ಬಾಗಿಲಲ್ಲಿ ಹೋಗು, ಡ್ಯೂಟಿ ಇದೆಯಲ್ಲ. ಇವರು ಆಚೆ ನಿಲ್ಲಲಿ."

ಎದುರಿನ ಗೋಡೆ ಪೂರ್ತಿ ಗಾಜಿನದು. ಒಳಗೆ ದೀಪ ಹಾಕಿದ್ದರು, ರಸ್ತೆಗೆಲ್ಲ ಕಾಣುತ್ತಿತ್ತು. "ಇಲ್ಲೇ ನಿಂತಿರಿ ಅತ್ತೆ. ಅವರನ್ನ ಕರ್ಕೊಂಡೇ ಬರ್ತೀನಿ," ಅಂತ ದೊಡ್ಡಸೊಸೆ ಹಿಂದಿನಿಂದ ಓಡಿದಳು.

ಕಲಾವಿದ ಹಜಾರದ ನಡುವೆ ಜನರ ಮಧ್ಯೆ ಇದ್ದ. ಅವಳು ಸಂದಿ ಮಾಡಿಕೊಂಡು ಹತ್ತಿರ ಹೋದಳು.

"ಸಾರ್, ಒಂದೇ ನಿಮಿಷ ಹೊರಗೆ ಬನ್ನಿ. ನಮ್ಮತ್ತೆ ಬಂದವ್ರೆ. ನಾನು ಒಬ್ಬಳೇ ಕೂತಿದ್ದೆ, ಬೇರೆ ಏನೂ ಇಲ್ಲ, ಅಂತ ಒಂದು ಮಾತು ಹೇಳಿ."

"ಈಗಲ್ಲಮ್ಮ. ಆಮೇಲೆ."

"ಆಮೇಲೆ ಆಗಲ್ಲ ಸಾರ್. ನನ್ನ ಮಗೂನ ಕಿತ್ಕೊಳ್ತಾರೆ."

ಅವನಿಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳಲು ಪುರುಸೊತ್ತೂ ಇರಲಿಲ್ಲ. "ಚಿತ್ರಕ್ಕೆ ನಾನು ವಿವರಣೆ ಕೊಡೋದಿಲ್ಲ," ಅಂದ, ಪಕ್ಕದವರಿಗೂ ಕೇಳುವ ಹಾಗೆ. ಮ್ಯಾನೇಜರು ಬಂದು ಅವಳ ರಟ್ಟೆ ಹಿಡಿದು ಹಿಂದಕ್ಕೆ ದಬ್ಬಿದ. "ಮಾನ ಮರ್ಯಾದೆ ಇಲ್ವೇನೇ? ಹೋಗಿ ಕಕ್ಕಸಿನ ಹತ್ರ ನಿಂತ್ಕೋ."

ಅಷ್ಟರಲ್ಲಿ ಭಾಷಣ ಶುರುವಾಯಿತು. ಮಾತಾಡುವವನು ಶಾಲು ಹೊದ್ದ ಪ್ರೊಫೆಸರು. ಮೈಕಿನ ಮುಂದೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ: "ಈ ಹೆಂಗಸನ್ನು ನೋಡಿ. ಇವಳಿಗೆ ಮನೆಯಿಲ್ಲ, ನಂಟಿಲ್ಲ. ಇವಳಿಗೆ ಯಾರೂ ಇಲ್ಲ. ಸಮಾಜದ ಅಂಚಿನಲ್ಲಿ ಇವಳು ಒಬ್ಬಂಟಿ. ಈ ಏಕಾಂತ ನಮ್ಮೆಲ್ಲರದೂ ಹೌದು..."

"ಯಾವನೋ ಅವನು ನನಗೆ ಯಾರೂ ಇಲ್ಲ ಅಂದವನು?"

ಕಕ್ಕಸಿನ ಬಾಗಿಲಿನಿಂದ ಬಂದ ದನಿಗೆ ಎಲ್ಲರೂ ತಿರುಗಿದರು. ದೊಡ್ಡಸೊಸೆ ಜನರನ್ನು ನೂಕಿಕೊಂಡು ಬಂದಳು.

"ಅವ್ರೆ ನನಗೆ. ಅತ್ತೆ ಅವ್ಳೆ, ಮೈದುನ ಅವ್ನೆ, ಮಗಳವ್ಳೆ. ಅಲ್ಲಿ ಹೊರಗೆ ನಿಂತವ್ರೆ, ನಿಮ್ಮಪ್ಪನ ಪಾಸಿಲ್ಲದೆ. ನೀವು ಈ ಹಾಳು ಹೆಸರಿಟ್ಟ ಮೇಲೆ ಕಣ್ರೋ ನಾನು ಒಂಟಿಯಾಗಿದ್ದು. ತೆಗೀರಿ ಆ ಹೆಸರು."

ಪ್ರೊಫೆಸರು ಕಣ್ಣು ಬಿಟ್ಟ. ಮ್ಯಾನೇಜರು ಬಿಳಿಚಿಕೊಂಡ. ಆಗ ಕಲಾವಿದ ಮುಂದೆ ಬಂದ. ಬಂದು, ತುಂಬಾ ಮೃದುವಾಗಿ, ಅವಳ ಹೆಗಲ ಮೇಲೆ ಕೈಯಿಟ್ಟ.

"ಇವರೇ," ಅಂದ. "ನನ್ನ ಏಕಾಂತ ಇವರೇ."

ಚಪ್ಪಾಳೆ ಬಿತ್ತು. ಮೊದಲು ಒಬ್ಬರದು, ಆಮೇಲೆ ಎಲ್ಲರದು. ಕ್ಯಾಮೆರಾಗಳು ಮಿಂಚಿದವು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. "ಎಂಥ ನಿಜ, ಎಂಥ ಸಿಟ್ಟು," ಅಂತ ಯಾರೋ ಅಂದರು. "ಮೊದಲೇ ಹೇಳಿಕೊಟ್ಟಿದ್ದರೇನೋ," ಅಂತ ಇನ್ಯಾರೋ.

ಗಾಜಿನಾಚೆ ಮಾತು ಕೇಳುವುದಿಲ್ಲ. ಕಾಣುವುದಷ್ಟೇ. ಅತ್ತೆಗೆ ಕಂಡದ್ದು ಗಡ್ಡದವನ ಕೈ ತನ್ನ ಸೊಸೆಯ ಹೆಗಲ ಮೇಲೆ, ಸುತ್ತ ನಿಂತ ದೊಡ್ಡವರು ಮದುವೆಯಾದವರಿಗೆ ತಟ್ಟುವ ಹಾಗೆ ತಟ್ಟುತ್ತಿದ್ದ ಚಪ್ಪಾಳೆ.

"ಕೈ ತೆಗಿಯೋ ಬೋಳಿಮಗನೆ," ಅಂತ ದೊಡ್ಡಸೊಸೆ ಅವನನ್ನು ದಬ್ಬಿದಳು. ನೇರ ಗೋಡೆಗೆ ಹೋಗಿ ಚಿತ್ರವನ್ನು ಕೊಕ್ಕೆಯಿಂದ ಎತ್ತಿ, ಅವಳ ಅರ್ಧ ಎತ್ತರವಿದ್ದ ಅದನ್ನು ಅವುಚಿಕೊಂಡು ಗಾಜಿನ ಕಡೆ ಓಡಿದಳು. ಚಿತ್ರದ ಮುಖವನ್ನು ಹೊರಗೆ ಮಾಡಿ ಗಾಜಿಗೆ ಒತ್ತಿ ಹಿಡಿದು ಕೂಗಿದಳು. "ನೋಡಿ ಅತ್ತೆ. ಬೇರೆ ಯಾರೂ ಇಲ್ಲ ನೋಡಿ. ನಾನೊಬ್ಬಳೇ ಇದೀನಿ ನೋಡಿ."

ಮೈದುನ ಆಗಲೇ ಮಗುವನ್ನು ಎತ್ತಿಕೊಂಡು ರಸ್ತೆ ದಾಟುತ್ತಿದ್ದ. ಅವನ ಭುಜದ ಮೇಲಿನಿಂದ ಮಗಳು ಕೈ ಚಾಚಿ ಬಾಯಿ ತೆರೆದು ಅಳುತ್ತಿದ್ದಳು, ಅದೂ ಕೇಳಲಿಲ್ಲ. ಅತ್ತೆಯೊಬ್ಬಳು ನಿಂತಿದ್ದಳು. ಅವಳು ಚಿತ್ರವನ್ನು ನೋಡಿದಳು. ಬಿರಿದ ಬೆರಳುಗಳನ್ನು, ಒಡೆದ ಉಗುರುಗಳನ್ನು, ಗೋಡೆಗೆ ಒರಗಿದ ದಣಿದ ಮುಖವನ್ನು ನೋಡಿದಳು. ಒಂದು ಗಳಿಗೆ ಅವಳ ಮುಖ ಮೆತ್ತಗಾಯಿತು ಅಂತ ದೊಡ್ಡಸೊಸೆಗೆ ಅನ್ನಿಸಿತು. ಆಮೇಲೆ ಅತ್ತೆ ಚಿತ್ರದ ಮುಖಕ್ಕೆ ಸರಿಯಾಗಿ ಗಾಜಿನ ಮೇಲೆ ಕ್ಯಾಕರಿಸಿ ಉಗಿದು ಹೊರಟುಹೋದಳು.

ನಾಲ್ಕಾರು ಕೈಗಳು ಬಂದು ಚಿತ್ರವನ್ನು ಹುಷಾರಾಗಿ, ಮೂಲೆ ಮುಕ್ಕಾಗದ ಹಾಗೆ, ಅವಳಿಂದ ಬಿಡಿಸಿಕೊಂಡವು. ಅವಳನ್ನು ಯಾರೂ ಹಿಡಿದುಕೊಳ್ಳಲಿಲ್ಲ. ಅವಳು ಅಲ್ಲೇ ಕುಸಿದು ಕೂತಳು. ಬಂದವರು ಅವಳ ಸುತ್ತ ದೂರ ಬಿಟ್ಟು, ಗೌರವದಿಂದ ನಿಂತು ನೋಡಿದರು.

ಮ್ಯಾನೇಜರು ಬಗ್ಗಿ ಕಿವಿಯಲ್ಲಿ ಹೇಳಿದ. "ಏ ಕ್ಲೀನಿಂಗ್, ಹೊರಗೆ ಹೋಗಿ ಆ ಗಾಜು ಒರೆಸು. ಅಸಹ್ಯವಾಗಿ ಕಾಣ್ತಿದೆ."

"ನೀನೇ ನೆಕ್ಕು," ಅಂದಳು ದೊಡ್ಡಸೊಸೆ.

ಉಗುಳು ಗಾಜಿನ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಅದರಾಚೆ ರಸ್ತೆ ಖಾಲಿಯಾಗಿತ್ತು. ಹಿಂದೆ ಯಾರೋ ಮತ್ತೆ ಚಪ್ಪಾಳೆ ತಟ್ಟಲು ಶುರುಮಾಡಿದರು.