ಚಾಪೆಯ ಮೇಲಿನ ರೋಗಿ

ಶಾಲಾ ಆರೋಗ್ಯದ ತರಬೇತಿಯಲ್ಲಿ, ಮೂರ್ಛೆ ಬಂದ ಮಗುವನ್ನು ಹೇಗೆ ನೋಡಿಕೊಳ್ಳಬೇಕೆಂದು ತೋರಿಸಲು ವಿಜ್ಞಾನದ ಟೀಚರು ಚಾಪೆಯ ಮೇಲೆ ಮಲಗಿದಳು. ಕಲಿಸುತ್ತಿದ್ದವಳು ಅವಳ ಸ್ವಂತ ಅಕ್ಕ. ತನಗೂ ಮೂರ್ಛೆ ಬರುತ್ತದೆ ಎಂದು ಶಾಲೆಯಲ್ಲಿ ತಿಳಿದರೆ ತರಗತಿ ಕೈತಪ್ಪೀತೆಂಬ ಭಯಕ್ಕೆ, ತಂಗಿ ಆ ಗುಟ್ಟನ್ನು ಏಳು ಸಮುದ್ರದಾಚೆಯ ಗಿಳಿಯಂತೆ ಅಕ್ಕನೊಬ್ಬಳಲ್ಲೇ ಬಚ್ಚಿಟ್ಟಿದ್ದಳು. ಅಕ್ಕ ಮೆಲ್ಲಗೆ ಅವಳನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಶಾಲು ಇಟ್ಟಳು.

"ಅಬ್ಬಾ, ಎಷ್ಟು ಚೆನ್ನಾಗಿ ನಟಿಸ್ತಾರೆ!" ಎಂದರು ಡ್ರಿಲ್ ಮಾಸ್ತರು.

"ನಟನೆ ಎಲ್ಲಿ ಬಂತು ಸಾರ್? ಇವಳಿಗೆ ಅಭ್ಯಾಸ ಇದೆಯಲ್ಲ!" ಅಕ್ಕ ನಕ್ಕಳು.

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೆಡ್‌ಮಾಸ್ತರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಅಯ್ಯೋ, ಬಾಯಿತಪ್ಪಿ ಬಂತು ಕಣೇ, ಏಳು," ಅಕ್ಕ ಕೈ ಚಾಚಿದಳು.

ತಂಗಿ ನೆಲಕ್ಕೆ ಅಂಗೈಯೂರಿ ತಾನೇ ಎದ್ದಳು. ಶಾಲನ್ನು ಮಡಿಸಿ ಅಕ್ಕನ ಚಾಚಿದ ಕೈಗಿಟ್ಟು, "ಮುಂದಿನದು ಹೇಳಿಕೊಡಿ, ಮೇಡಂ," ಎಂದಳು.